ಯಂತ್ರದ್ದು ಯಾವುದು, ನಮ್ಮದು ಯಾವುದು: ಕಂಪ್ಯೂಟರಿನ ಫೋಲ್ಡರುಗಳ ಬಗ್ಗೆ ಕೆಲವು ಮಾತು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಕಂಪ್ಯೂಟರ್ ಕಲಿಕಾ ಕೇಂದ್ರದ ಪರವಾಗಿ ಮಾಡಿದ ಭಾಷಣದ ಪಠ್ಯ)



ಪ್ರತಿ ವರ್ಷ ಈ ಸಭೆಯಲ್ಲಿ ನಿವೃತ್ತ ಶಿಕ್ಷಕರಿಗೆ ಸ್ವಲ್ಪ ಹೊತ್ತು ಮಾತಾಡಲು ಕೊಡುತ್ತಾರೆ. ನಾವು ಎದ್ದು ನಿಂತು, ಚೆನ್ನಾಗಿ ಓದಿ, ತಂದೆತಾಯಿಗೆ ಒಳ್ಳೆಯ ಹೆಸರು ತನ್ನಿ ಎಂದು ಹೇಳಿ ಕೂರುತ್ತೇವೆ. ಈ ವರ್ಷ ಬೇರೆ ವಿಷಯ ಮಾತಾಡಲು ಅಧ್ಯಕ್ಷರ ಅನುಮತಿ ಕೇಳಿದೆವು. ಕಾರಣ, ನಮ್ಮ ಕಲಿಕಾ ಕೇಂದ್ರದಲ್ಲಿ ಈ ವರ್ಷ ಒಂದು ತಪ್ಪು ನಡೆಯಿತು. ಆ ತಪ್ಪು ನಮ್ಮದೇ. ವರದಿಯಲ್ಲಿ ಎಷ್ಟು ಜನ ಕಲಿತರು, ಎಷ್ಟು ಲ್ಯಾಪ್‌ಟಾಪ್ ಹಂಚಿದೆವು ಎಂದು ಬರೆಯುವಾಗ ಏನು ಕಳೆದೆವು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಬಿ.ಕಾಂ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಬಂದಳು. "ಸರ್, ಆನ್ ಆಗ್ತಾ ಇಲ್ಲ. ನೀಲಿ ಪರದೆ ಬಂದು ಅಲ್ಲೇ ನಿಂತುಬಿಡ್ತದೆ" ಅಂದಳು. ವಿಚಾರಿಸಿದಾಗ ಗೊತ್ತಾಯಿತು: ಕೆಲವು ದಿನಗಳಿಂದ ಜಾಗ ಸಾಲದು ಎಂಬ ಎಚ್ಚರಿಕೆ ಬರುತ್ತಿತ್ತು. ಯಾವ ಫೋಲ್ಡರ್ ದೊಡ್ಡದು ಎಂದು ಹುಡುಕುತ್ತಾ ಹೋದಾಗ ವಿಂಡೋಸ್ ಎಂಬ ಫೋಲ್ಡರಿನ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಇನ್ನೊಂದು ಫೋಲ್ಡರ್ ಸಿಕ್ಕಿದೆ. ತಾನು ಎಂದೂ ತೆರೆಯದ ಫೋಲ್ಡರ್ ಇಷ್ಟೊಂದು ಜಾಗ ತಿನ್ನುತ್ತಿದೆಯಲ್ಲ ಎಂದು ಅಳಿಸಲು ನೋಡಿದ್ದಾಳೆ. ಅನುಮತಿ ಇಲ್ಲ ಎಂದು ಬಂದಿದೆ. ಯಾವುದೋ ವಿಡಿಯೋ ನೋಡಿ, ಫೋಲ್ಡರಿನ ಮಾಲೀಕತ್ವವನ್ನೇ ತನ್ನ ಹೆಸರಿಗೆ ಬದಲಿಸಿಕೊಂಡು ಅಳಿಸಿದ್ದಾಳೆ. ಮರುದಿನ ಯಂತ್ರ ಏಳಲಿಲ್ಲ.

ನಾವು ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. "ಡಿ ಡ್ರೈವ್‌ನಲ್ಲಿ ಏನಾದರೂ ಇಟ್ಟಿದ್ದೀಯಾ?" ಎಂದು ಕೇಳಿದೆವು. ಇಲ್ಲ ಅಂದಳು. ಸರಿ ಎಂದು ಸಿ ಡ್ರೈವನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ, ಒಂದೂವರೆ ಗಂಟೆಯಲ್ಲಿ ಕೈಗೆ ಕೊಟ್ಟೆವು. ಹುಡುಗಿ ತೆರೆದು ನೋಡಿ, "ಸರ್, ಡೆಸ್ಕ್‌ಟಾಪ್ ಮೇಲೆ ನನ್ನ ಪ್ರಾಜೆಕ್ಟ್ ಇತ್ತು" ಅಂದಳು. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವಿನ ಒಳಗಿರುವ ಒಂದು ಫೋಲ್ಡರ್ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಆದರೂ ಕೇಳಲಿಲ್ಲ. ಪೇಟೆಯ ಅಂಗಡಿ ಅಂಗಡಿಗೆ ಹೋಗಿ ಪ್ರಶ್ನೆ ಕೇಳಿ ಬರೆದು ತಂದು ಟೈಪ್ ಮಾಡಿದ್ದ ಮಾಹಿತಿಯೆಲ್ಲ ಹೋಯಿತು. ಟೈಪ್ ಮಾಡಿ ಆಯಿತಲ್ಲ ಎಂದು ಕಾಗದದ ಪ್ರತಿಗಳನ್ನು ಮನೆಯವರು ರದ್ದಿಗೆ ಹಾಕಿದ್ದರು.

ಹುಡುಗಿ ಯಂತ್ರದ್ದನ್ನು ಅಳಿಸಿದಳು, ನಾವು ಹುಡುಗಿಯದನ್ನು ಅಳಿಸಿದೆವು. ಯಂತ್ರದ್ದು ಮತ್ತೆ ಸಿಗುತ್ತದೆ. ವಿಂಡೋಸನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಆದರೆ ಆ ಅಂಗಡಿಯವರ ಉತ್ತರಗಳು ಯಾವ ಕಂಪನಿಯ ಬಳಿಯೂ ಇರಲಿಲ್ಲ. ಇಂದಿನ ನಮ್ಮ ಮಾತೆಲ್ಲ ಇದರ ಮೇಲೆಯೇ.

ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇವೆ. ಈ ವರ್ಷ ದಾನಿಗಳು ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಹಳೆಯವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ ಮುಂತಾದವು ಈ ಹಳೆಯ ಯಂತ್ರಗಳಲ್ಲಿ ಇಲ್ಲ. ಹಾಗೆಂದು ಎಸೆಯುವಂತೆಯೂ ಇಲ್ಲ, ಓದಿಗೆ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯುತ್ತವೆ. ಆದ್ದರಿಂದ ಅವುಗಳಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ ಹಂಚಿದೆವು. ವಾರದೊಳಗೆ ಒಬ್ಬ ತಂದೆ ಲ್ಯಾಪ್‌ಟಾಪ್ ವಾಪಸು ತಂದು ಮೇಜಿನ ಮೇಲಿಟ್ಟರು. "ಸಾರ್, ಇದ್ರಲ್ಲಿ ಸಿ ಡ್ರೈವೇ ಇಲ್ಲ. ಬಡವ್ರ ಮಕ್ಕಳು ಅಂತ ಅರ್ಧ ಕಂಪ್ಯೂಟರ್ ಕೊಟ್ರಾ?" ಎಂದು ಕೇಳಿದರು. ಅವರ ಮನಸ್ಸಿಗೆ ನೋವಾಗಿತ್ತು. ಆ ದಿನ ಅವರನ್ನು ಕೂರಿಸಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನಾವು ಸೇವೆಯಲ್ಲಿದ್ದಾಗ ಹಲವು ಶಾಲೆಗಳಿಗೆ ವರ್ಗವಾಗಿ ಹೋದೆವು. ಹೊಸ ಶಾಲೆಗೆ ಹೋದ ಮೊದಲ ದಿನ ಮೇಷ್ಟ್ರು ಕೇಳುವುದು ನಾಲ್ಕೇ ಪ್ರಶ್ನೆ: ಹಾಜರಿ ಪುಸ್ತಕ ಎಲ್ಲಿ? ಸೀಮೆಸುಣ್ಣ ಎಲ್ಲಿ? ಗಂಟೆ ಎಲ್ಲಿ? ನಮ್ಮ ತರಗತಿ ಯಾವುದು? ಒಂದು ಶಾಲೆಯಲ್ಲಿ ಕಚೇರಿ ಬಾಗಿಲಲ್ಲೇ ಇರುತ್ತದೆ, ಇನ್ನೊಂದರಲ್ಲಿ ಮಹಡಿಯ ಮೇಲೆ. ಒಂದರಲ್ಲಿ ರಿಜಿಸ್ಟರುಗಳು ಕಬ್ಬಿಣದ ಬೀರುವಿನಲ್ಲಿ, ಇನ್ನೊಂದರಲ್ಲಿ ಮರದ ಪೆಟ್ಟಿಗೆಯಲ್ಲಿ. ಆದರೆ ದಾಖಲಾತಿ ರಿಜಿಸ್ಟರ್ ಇಲ್ಲದ ಶಾಲೆ ಇಲ್ಲ, ಮಕ್ಕಳು ಕೂರುವ ಜಾಗವಿಲ್ಲದ ಶಾಲೆಯೂ ಇಲ್ಲ. ಆಪರೇಟಿಂಗ್ ಸಿಸ್ಟಮ್‌ಗಳೂ ಹಾಗೆಯೇ. ವಿಂಡೋಸ್, ಲಿನಕ್ಸ್, ಆ್ಯಪಲ್‌ನ ಮ್ಯಾಕ್ಓಎಸ್, ಕೈಯಲ್ಲಿರುವ ಆಂಡ್ರಾಯ್ಡ್ ಫೋನ್, ಇವು ನಾಲ್ಕು ಶಾಲೆಗಳು. ಪ್ರತಿಯೊಂದರಲ್ಲೂ ಯಂತ್ರ ಎದ್ದೇಳಲು ಬೇಕಾದ ಫೈಲುಗಳಿಗೆ ಒಂದು ಜಾಗ, ಪ್ರೋಗ್ರಾಮ್‌ಗಳಿಗೆ ಒಂದು ಜಾಗ, ನಿಯಮ ಬರೆದಿಡಲು ಒಂದು ಜಾಗ, ತಾತ್ಕಾಲಿಕ ಕೆಲಸಕ್ಕೆ ಒಂದು ಜಾಗ, ಕೊನೆಗೆ ಬಳಸುವವರ ಸ್ವಂತದ್ದು ಇಡಲು ಒಂದು ಜಾಗ ಇರುತ್ತದೆ.

ಮೊದಲು ಎಲ್ಲರಿಗೂ ಪರಿಚಯವಿರುವ ವಿಂಡೋಸ್ ನೋಡೋಣ. ಇದರಲ್ಲಿ ಡಿಸ್ಕುಗಳಿಗೆ ಅಕ್ಷರಗಳ ಹೆಸರು. ಸಿ ಯಿಂದ ಏಕೆ ಶುರು, ಎ ಮತ್ತು ಬಿ ಎಲ್ಲಿ ಹೋದವು ಎಂದು ಮಕ್ಕಳು ಕೇಳುತ್ತಾರೆ. 1981ರಲ್ಲಿ ಬಂದ ಡಾಸ್ ಕಾಲದಲ್ಲಿ ಎ ಮತ್ತು ಬಿ ಎಂಬ ಹೆಸರು ಫ್ಲಾಪಿ ಡಿಸ್ಕುಗಳಿಗೆ ಇತ್ತು. ಹಾರ್ಡ್ ಡಿಸ್ಕ್ ಆಮೇಲೆ ಬಂದು ಸಿ ಆಯಿತು. ಫ್ಲಾಪಿ ಹೋಗಿ ಎಷ್ಟೋ ವರ್ಷವಾದರೂ ಸಿ ಮಾತ್ರ ತನ್ನ ಮೂರನೆಯ ಜಾಗ ಬಿಟ್ಟಿಲ್ಲ.

ಸಿ ಡ್ರೈವ್ ತೆರೆದರೆ ಮುಖ್ಯವಾಗಿ ಮೂರು ಫೋಲ್ಡರ್ ಕಾಣುತ್ತವೆ: ವಿಂಡೋಸ್, ಪ್ರೋಗ್ರಾಮ್ ಫೈಲ್ಸ್, ಯೂಸರ್ಸ್. ವಿಂಡೋಸ್ ಎಂಬುದು ಶಾಲೆಯ ಕಚೇರಿ. ಅದರೊಳಗಿನ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿ ಯಂತ್ರ ಏಳಲು ಬೇಕಾದ ಫೈಲುಗಳಿವೆ. ಅದರೊಳಗೆ ಡ್ರೈವರ್ಸ್ ಎಂಬ ಫೋಲ್ಡರಿದೆ, ಕೀಬೋರ್ಡು, ವೈಫೈ, ಪರದೆ ಇವುಗಳೊಡನೆ ಮಾತಾಡುವ ಫೈಲುಗಳು ಅಲ್ಲಿರುತ್ತವೆ. ಕಾನ್ಫಿಗ್ ಎಂಬ ಇನ್ನೊಂದು ಫೋಲ್ಡರಿನಲ್ಲಿ ರಿಜಿಸ್ಟ್ರಿಯ ಮುಖ್ಯ ಫೈಲುಗಳಿವೆ. ಅದೇ ದಾಖಲಾತಿ ರಿಜಿಸ್ಟರ್. ಒಂದು ವಿಚಿತ್ರ ಹೇಳಬೇಕು. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಫೈಲುಗಳಿರುವುದು ಸಿಸ್ಟಮ್32ರಲ್ಲಿ. 32 ಬಿಟ್ ಫೈಲುಗಳಿರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. ಹೆಸರು ತಿರುಗುಮುರುಗು. 1993ರ ವಿಂಡೋಸ್ ಎನ್‌ಟಿ ಕಾಲದ ಆ ಹೆಸರನ್ನು ನಂಬಿಕೊಂಡು ಬರೆದ ಪ್ರೋಗ್ರಾಮ್‌ಗಳು ಅಷ್ಟೊಂದು ಇದ್ದುದರಿಂದ ಬದಲಿಸಲು ಹೋಗಲಿಲ್ಲ. ಇದರಿಂದ ಒಂದು ಪಾಠ ಕಲಿಯಬಹುದು: ಹೆಸರು ನೋಡಿ ಇದು ಹಳೆಯದು, ಬೇಡವಾದದ್ದು ಎಂದು ತೀರ್ಮಾನ ಮಾಡಬಾರದು.

ಆ ವಿದ್ಯಾರ್ಥಿನಿ ಅಳಿಸಿದ ವಿನ್‌ಎಸ್‌ಎಕ್ಸ್‌ಎಸ್ ಕೂಡ ಇದೇ ಕಚೇರಿಯೊಳಗಿನ ಉಗ್ರಾಣ. ಅಪ್‌ಡೇಟ್ ಮಾಡಲು, ಕೆಟ್ಟದ್ದನ್ನು ಸರಿಪಡಿಸಲು ಬೇಕಾದ ಬಿಡಿಭಾಗಗಳು ಅಲ್ಲಿರುತ್ತವೆ. ಅದು ನೋಡಲು ಎಷ್ಟು ದೊಡ್ಡದೋ ನಿಜವಾಗಿ ಅಷ್ಟು ದೊಡ್ಡದಲ್ಲ. ಒಂದೇ ಫೈಲು ಅಲ್ಲೂ ಸಿಸ್ಟಮ್32ರಲ್ಲೂ ಲೆಕ್ಕಕ್ಕೆ ಬರುತ್ತದೆ. ಒಂದು ಮಗುವಿನ ಹೆಸರು ಹಾಜರಿ ಪುಸ್ತಕದಲ್ಲೂ ಇರುತ್ತದೆ, ಬಿಸಿಯೂಟದ ಪುಸ್ತಕದಲ್ಲೂ ಇರುತ್ತದೆ. ಹಾಗೆಂದು ಮಕ್ಕಳು ಇಬ್ಬರಲ್ಲ. ಜಾಗ ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿಗೆ ಹೋಗಿ ತಾತ್ಕಾಲಿಕ ಫೈಲುಗಳನ್ನು ತೆಗೆಯಬೇಕು. ಏನು ತೆಗೆಯಬಹುದು ಎಂದು ವಿಂಡೋಸೇ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂದಿದ್ದರೆ ಅದು ಮಾತ್ರ ನಿಮ್ಮದು. ಒಳಗೆ ನೋಡಿಯೇ ಗುರುತು ಹಾಕಬೇಕು.

ಪ್ರೋಗ್ರಾಮ್ ಫೈಲ್ಸ್ ಎಂಬಲ್ಲಿ ನಾವು ಹಾಕಿಕೊಂಡ ಪ್ರೋಗ್ರಾಮ್‌ಗಳಿರುತ್ತವೆ. ಅಲ್ಲಿಯೂ ಕೈಯಿಂದ ಅಳಿಸಬಾರದು, ಅನ್‌ಇನ್‌ಸ್ಟಾಲ್ ಮಾಡಬೇಕು. ಮೂರನೆಯದು ಯೂಸರ್ಸ್. ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಕೆಲವು ಯಂತ್ರಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಎಂಬ ಫೋಲ್ಡರಿನ ಒಳಗಿರುತ್ತದೆ. ಎಲ್ಲಿದ್ದರೂ ಇಷ್ಟು ಮಾತ್ರ ನಿಮ್ಮದು. ಇಡೀ ಸಿ ಡ್ರೈವಿನಲ್ಲಿ ಬೇರೆಡೆ ಸಿಗದ, ದುಡ್ಡು ಕೊಟ್ಟರೂ ಬಾರದ ವಸ್ತು ಇರುವುದು ಈ ಒಂದು ಫೋಲ್ಡರಿನಲ್ಲಿ.

ಈಗ ಲಿನಕ್ಸ್. ಆ ತಂದೆ ಹುಡುಕಿದ ಸಿ ಡ್ರೈವ್ ಇದರಲ್ಲಿ ಇಲ್ಲ, ಏಕೆಂದರೆ ಇದರಲ್ಲಿ ಡ್ರೈವ್‌ಗಳಿಗೆ ಅಕ್ಷರವೇ ಇಲ್ಲ. ಎಲ್ಲವೂ ಒಂದೇ ಮರ. ಬುಡಕ್ಕೆ ರೂಟ್ ಎಂದು ಹೆಸರು, ಬರೆಯುವುದು ಒಂದು ಓರೆಗೆರೆಯಾಗಿ. ಪೆನ್ ಡ್ರೈವ್ ಹಾಕಿದರೆ ಅದೂ ಈ ಮರದ ಒಂದು ಕೊಂಬೆಯಾಗಿ, ಉಬುಂಟುವಿನಲ್ಲಿ ಮೀಡಿಯಾ ಎಂಬ ಫೋಲ್ಡರಿನ ಕೆಳಗೆ, ಬಂದು ಸೇರಿಕೊಳ್ಳುತ್ತದೆ. ಈ ಪದ್ಧತಿ ಲಿನಕ್ಸಿಗಿಂತ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಕಟ್ಟಿದ ಯುನಿಕ್ಸ್‌ನಿಂದ ಬಂದದ್ದು. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದಾಗ ಅದೇ ದಾರಿ ಹಿಡಿದರು. ಬೇರೆ ಬೇರೆಯವರು ಬೇರೆ ಬೇರೆ ರೀತಿ ಜೋಡಿಸಿ ಗೊಂದಲವಾಗಬಾರದು ಎಂದು 1994ರಲ್ಲಿ ಯಾವ ಫೋಲ್ಡರಿನಲ್ಲಿ ಏನಿರಬೇಕು ಎಂಬ ಲಿಖಿತ ನಿಯಮವೂ ಬಂತು.

ಇದರಲ್ಲಿ ಬೂಟ್ ಎಂಬಲ್ಲಿ ಯಂತ್ರ ಏಳಲು ಬೇಕಾದ ಕರ್ನೆಲ್ ಇರುತ್ತದೆ. ಬಿನ್, ಲಿಬ್, ಯುಎಸ್‌ಆರ್ ಇವುಗಳಲ್ಲಿ ಪ್ರೋಗ್ರಾಮ್‌ಗಳು ಮತ್ತು ಅವುಗಳಿಗೆ ಬೇಕಾದ ಸಾಮಗ್ರಿ. ಇಟಿಸಿ ಎಂಬ ಫೋಲ್ಡರಿನಲ್ಲಿ ನಿಯಮಗಳು. ವಿಂಡೋಸ್‌ನ ರಿಜಿಸ್ಟ್ರಿ ಮಾಡುವ ಕೆಲಸವನ್ನು ಇಲ್ಲಿ ಸಾಮಾನ್ಯ ಅಕ್ಷರದ ಸಣ್ಣ ಸಣ್ಣ ಫೈಲುಗಳು ಮಾಡುತ್ತವೆ, ಯಾರು ಬೇಕಾದರೂ ಓದಬಹುದಾದಂಥವು. ವಿಎಆರ್ ಎಂಬಲ್ಲಿ ದಿನದಿನವೂ ಬೆಳೆಯುವ ದಾಖಲೆ, ಶಾಲೆಯ ದಿನಚರಿ ಪುಸ್ತಕದ ಹಾಗೆ. ಟಿಎಂಪಿ ಎಂಬುದು ಕರಿಹಲಗೆ. ಬರೆಯಬಹುದು, ಬೆಳಿಗ್ಗೆ ಬಂದಾಗ ಅಳಿಸಿದ್ದರೆ ಕೇಳುವಂತಿಲ್ಲ. ಕೊನೆಗೆ ಹೋಮ್. ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಅದೇ ಡೆಸ್ಕ್‌ಟಾಪ್, ಅದೇ ಡಾಕ್ಯುಮೆಂಟ್ಸ್, ಅದೇ ಡೌನ್‌ಲೋಡ್ಸ್. ವಿಂಡೋಸ್ ಯಾವುದನ್ನು ಯೂಸರ್ಸ್ ಎನ್ನುತ್ತದೋ ಲಿನಕ್ಸ್ ಅದನ್ನು ಹೋಮ್ ಎನ್ನುತ್ತದೆ.

ಇದನ್ನು ತೋರಿಸಿದಾಗ ಆ ತಂದೆ, "ಹಾಗಾದ್ರೆ ಮಗನ ಫೋಲ್ಡರ್ ಇಲ್ಲೂ ಇದೆ" ಅಂದರು. ಇದೆ. ಕೊಟ್ಟದ್ದು ಅರ್ಧ ಕಂಪ್ಯೂಟರ್ ಅಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲ 500 ಯಂತ್ರಗಳೂ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ವಿಂಡೋಸ್ ಕಲಿತವರಿಗೆ ಎರಡು ವಿಷಯ ಮಾತ್ರ ಹೊಸದು. ಒಂದು, ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಒಂದೇ ಹೆಸರನ್ನು ಎರಡು ರೀತಿ ಬರೆದರೆ ಎರಡು ಫೈಲಾಗುತ್ತದೆ. ಎರಡು, ಚುಕ್ಕಿಯಿಂದ ಶುರುವಾಗುವ ಹೆಸರಿನ ಫೈಲು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದು ಇಲ್ಲ ಎಂದಲ್ಲ. ವಿಂಡೋಸ್‌ನಲ್ಲೂ ಆ್ಯಪ್‌ಡೇಟಾ ಎಂಬ ಫೋಲ್ಡರ್ ಹೀಗೆಯೇ ಮರೆಯಲ್ಲಿರುತ್ತದೆ.

ಮ್ಯಾಕ್ ನಮ್ಮ ಮಕ್ಕಳ ಕೈಗೆ ಬರುವುದು ಕಡಿಮೆ, ಆದರೆ ಕೆಲವು ದಾನಿಗಳ ಮನೆಯಲ್ಲಿದೆ. ಅದರಲ್ಲಿ ಕಾಣುವುದು ನಾಲ್ಕು: ಸಿಸ್ಟಮ್, ಲೈಬ್ರರಿ, ಅಪ್ಲಿಕೇಷನ್ಸ್, ಯೂಸರ್ಸ್. ಒಳಗೆ ಮರೆಯಲ್ಲಿ ಯುನಿಕ್ಸ್‌ನ ಬಿನ್, ಯುಎಸ್‌ಆರ್, ಇಟಿಸಿ ಎಲ್ಲ ಇವೆ, ಏಕೆಂದರೆ ಅದೂ ಅದೇ ವಂಶದ್ದು. ಅಳಿಸುವ ಕೈಗಳಿಗೆ ಆ್ಯಪಲ್ ಕಂಪನಿ ಬೀಗವನ್ನೇ ಹಾಕಿತು. 2015ರಿಂದ ಮುಖ್ಯ ಸಿಸ್ಟಮ್ ಫೋಲ್ಡರುಗಳನ್ನು ಯಂತ್ರದ ಮಾಲೀಕರೂ ಸುಲಭವಾಗಿ ಬದಲಿಸುವಂತಿಲ್ಲ. 2019ರಿಂದ ಸಿಸ್ಟಮ್ ಇರುವ ಭಾಗವನ್ನೇ ಬೇರೆ ಮಾಡಿ, ಓದಲು ಮಾತ್ರ ಸಾಧ್ಯವಾಗುವಂತೆ ಇಟ್ಟರು. ಯಂತ್ರದ್ದು ಬೇರೆ, ಮನುಷ್ಯರದ್ದು ಬೇರೆ ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ಮಾಡಿ ತೋರಿಸಿದ್ದಾರೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ಕಂಪ್ಯೂಟರ್ ಎಂದರೆ ಫೋನೇ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್. ಅದರಲ್ಲಿ ಸಿಸ್ಟಮ್ ಎಂಬ ಭಾಗ ನಮ್ಮ ಕೈಗೆ ಸಿಗುವುದಿಲ್ಲ. ಡೇಟಾ ಎಂಬ ಭಾಗದಲ್ಲಿ ನಮ್ಮದೆಲ್ಲ ಇರುತ್ತದೆ. ಕ್ಯಾಮೆರಾದ ಫೋಟೋಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿ, ಇಳಿಸಿಕೊಂಡದ್ದು ಡೌನ್‌ಲೋಡ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಾಗದಗಳು ಆಂಡ್ರಾಯ್ಡ್ ಎಂಬ ಫೋಲ್ಡರಿನ ಒಳಗಿನ ಮೀಡಿಯಾದಲ್ಲಿ. ಫೋನ್ ನಿಧಾನವಾಯಿತೆಂದು ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಿಸ್ಟಮ್ ಉಳಿಯುತ್ತದೆ, ಫೋನಿನೊಳಗಿದ್ದ ನಿಮ್ಮದೆಲ್ಲ ಹೋಗುತ್ತದೆ. ಆದಾಯ ಪ್ರಮಾಣಪತ್ರದ ಫೋಟೋ ಫೋನಿನಲ್ಲಿ ಮಾತ್ರ ಇಟ್ಟುಕೊಂಡ ತಾಯಂದಿರು ಇದನ್ನು ನೆನಪಿಡಬೇಕು.

ಈ ಶಾಲೆಗಳು ಎಷ್ಟು ಹತ್ತಿರದ ನೆಂಟರು ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ. ಯಾವ ಜಾಲತಾಣದ ಹೆಸರಿಗೆ ಯಾವ ವಿಳಾಸ ಎಂದು ಬರೆಯಬಹುದಾದ ಹೋಸ್ಟ್ಸ್ ಎಂಬ ಸಣ್ಣ ಫೈಲು ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರಿನಲ್ಲಿದೆ. ಮ್ಯಾಕ್‌ನಲ್ಲೂ ಇಟಿಸಿಯಲ್ಲೇ ಇದೆ. ವಿಂಡೋಸ್‌ನಲ್ಲಿ ಹುಡುಕಿದರೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅದರೊಳಗೆ ಹೋಸ್ಟ್ಸ್! ಯುನಿಕ್ಸ್ ಮನೆಯ ಆ ಇಟಿಸಿ ಎಂಬ ಹೆಸರು ವಿಂಡೋಸ್ ಮನೆಯ ಒಳಕೋಣೆಯಲ್ಲೂ ಕೂತಿದೆ.

ಕನ್ನಡಕ್ಕೆ ಬಂದರೆ ಈ ತಿಳಿವಳಿಕೆ ಇನ್ನೂ ಉಪಯೋಗಕ್ಕೆ ಬರುತ್ತದೆ. ಅಕ್ಷರ ತೋರಿಸುವ ಫಾಂಟುಗಳಿಗೂ ಪ್ರತಿ ಸಿಸ್ಟಮ್‌ನಲ್ಲಿ ಜಾಗವಿದೆ. ವಿಂಡೋಸ್‌ನಲ್ಲಿ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್. ಅಲ್ಲಿ ಕನ್ನಡಕ್ಕೆ ತುಂಗಾ, ನಿರ್ಮಲಾ ಯುಐ ಎಂಬ ಫಾಂಟುಗಳಿವೆ. ಲಿನಕ್ಸ್‌ನಲ್ಲಿ ಯುಎಸ್‌ಆರ್, ಶೇರ್, ಫಾಂಟ್ಸ್. ಅಲ್ಲಿಗೆ ಲೋಹಿತ್, ಗುಬ್ಬಿ, ನವಿಲು ಇಂಥ ಫಾಂಟುಗಳನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಮ್ಯಾಕ್‌ನಲ್ಲಿ ಲೈಬ್ರರಿಯ ಒಳಗೆ ಫಾಂಟ್ಸ್. ಒಬ್ಬ ಹುಡುಗ ತನ್ನ ಮನವಿ ಪತ್ರವನ್ನು ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿಸಿ ತಂದಿದ್ದ. ನಮ್ಮ ಉಬುಂಟುವಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲು ಕೆಟ್ಟಿದೆ ಎಂದು ಹುಡುಗ ಹೆದರಿದ. ಕೆಟ್ಟಿರಲಿಲ್ಲ. ಆ ಹಳೆಯ ಅಕ್ಷರಗಳು ಆ ಒಂದು ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ನಮ್ಮ ಯಂತ್ರದ ಫಾಂಟ್ ಫೋಲ್ಡರಿನಲ್ಲಿ ಅದಿರಲಿಲ್ಲ ಅಷ್ಟೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ಯಾವ ಸಿಸ್ಟಮ್‌ನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಮನವಿಗಳನ್ನು ಇನ್ನು ಮುಂದೆ ಯೂನಿಕೋಡ್‌ನಲ್ಲೇ ಕೊಡಿ.

ಈಗ ಮೊದಲಿನ ಘಟನೆಗೆ ಮರಳುತ್ತೇವೆ. ಆ ಸಂಜೆ ನಾವು ಏನು ಮಾಡಬೇಕಿತ್ತು? ಉತ್ತರ ನಮ್ಮ ಮೇಜಿನ ಖಾನೆಯಲ್ಲೇ ಇತ್ತು. ಉಬುಂಟು ತುಂಬಿದ ಒಂದು ಪೆನ್ ಡ್ರೈವ್. ವಿಂಡೋಸ್ ಏಳದಿದ್ದರೂ ಆ ಪೆನ್ ಡ್ರೈವ್‌ನಿಂದ ಲ್ಯಾಪ್‌ಟಾಪನ್ನು ಎಬ್ಬಿಸಬಹುದು, ಏನನ್ನೂ ಹೊಸದಾಗಿ ಹಾಕುವ ಅಗತ್ಯವಿಲ್ಲ. ಆಗ ವಿಂಡೋಸ್‌ನ ಸಿ ಡ್ರೈವ್ ಲಿನಕ್ಸ್ ಮರದ ಒಂದು ಕೊಂಬೆಯಾಗಿ ಕಾಣುತ್ತದೆ. ಅದರೊಳಗಿನ ಯೂಸರ್ಸ್ ತೆರೆದು ಡೆಸ್ಕ್‌ಟಾಪ್ ಫೋಲ್ಡರನ್ನು ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡಿದ್ದರೆ ಕೆಲವು ನಿಮಿಷದ ಕೆಲಸ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ 48 ಅಂಕಿಗಳ ಕೀ ಬೇಕಾಗುತ್ತದೆ. ಆ ಯಂತ್ರದಲ್ಲಿ ಬೀಗವೂ ಇರಲಿಲ್ಲ. ಎರಡು ಸಿಸ್ಟಮ್‌ಗಳ ಫೋಲ್ಡರುಗಳನ್ನು ಹೋಲಿಸಿ ತಿಳಿದುಕೊಳ್ಳುವುದು ಕಂಪ್ಯೂಟರ್ ಓದುವವರ ಪಾಠ ಮಾತ್ರ ಎಂದುಕೊಂಡಿದ್ದೆವು. ಒಂದು ಮನೆ ಕೆಟ್ಟಾಗ ಇನ್ನೊಂದು ಮನೆಯ ಬಾಗಿಲಿನಿಂದ ಹೋಗಿ ಸಾಮಾನು ತರಬಹುದು ಎಂಬುದು ಆ ಹುಡುಗಿ ಅಳುತ್ತಾ ಹೋದ ಮೇಲೆ ನಮ್ಮ ತಲೆಗೆ ಹೊಳೆಯಿತು.

ದಾನಿಗಳಿಗೂ ಒಂದು ವಿನಂತಿ. ನೀವು ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ಯೂಸರ್ಸ್ ಫೋಲ್ಡರ್ ಹಾಗೆಯೇ ಬಂದದ್ದುಂಟು. ಮನೆಯವರ ಫೋಟೋ, ಬ್ಯಾಂಕಿನ ಕಾಗದ, ಎಲ್ಲವೂ ಇದ್ದವು. ನಾವು ನೋಡದೆ ಅವರನ್ನು ಕರೆಸಿ, ಅವರ ಎದುರಿಗೇ ಪೆನ್ ಡ್ರೈವಿಗೆ ಹಾಕಿಕೊಟ್ಟೆವು. ಅದು ನಮ್ಮ ಬಳಿ ಬಂದ ಅಮಾನತ್ತು. ಕೊಡುವ ಮೊದಲು ನಿಮ್ಮ ಫೋಲ್ಡರನ್ನು ಬೇರೆಡೆಗೆ ತೆಗೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ಎಂಬುದನ್ನು ಆರಿಸಿ, ಎಲ್ಲವನ್ನೂ ತೆಗೆ ಎಂದು ಕೊಟ್ಟು, ಡಿಸ್ಕನ್ನು ಶುಚಿಗೊಳಿಸುವ ಆಯ್ಕೆಯನ್ನೂ ಗುರುತು ಮಾಡಿ. ರೀಸೈಕಲ್ ಬಿನ್ನಿಗೆ ಹಾಕಿದರೆ ಅಳಿಸಿದಂತಲ್ಲ. ಅದು ಕಸದ ಬುಟ್ಟಿಗೆ ಹಾಕಿದ ಕಾಗದ, ಯಾರು ಬೇಕಾದರೂ ಎತ್ತಿ ಓದಬಹುದು. ಇದು ನಿಮ್ಮ ರಕ್ಷಣೆ, ಪಡೆಯುವ ಮಗುವಿಗೂ ಮುಜುಗರವಿಲ್ಲ.

ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳಿಗೆ ಕೇಂದ್ರದ ಕಡೆಯಿಂದ ಐದು ಸೂಚನೆ. ಇವನ್ನು ವರದಿಯ ಜೊತೆಗೇ ಅಚ್ಚು ಮಾಡಿಸುತ್ತಿದ್ದೇವೆ.

ಒಂದು: ನೀವು ಸೃಷ್ಟಿಸದ ಫೋಲ್ಡರನ್ನು ನೀವು ಅಳಿಸಬೇಡಿ. ಅನುಮತಿ ಇಲ್ಲ ಎಂದು ಯಂತ್ರ ಹೇಳಿದರೆ ಅದನ್ನು ಬುದ್ಧಿಮಾತು ಎಂದು ತಿಳಿಯಿರಿ. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಕೇಳುವುದೂ ಇದೇ ಕಾರಣಕ್ಕೆ. ಅರ್ಥವಾಗದ ಆಜ್ಞೆಗಳನ್ನು ಎಲ್ಲಿಂದಲೋ ನಕಲು ಮಾಡಿ ಪಾಸ್‌ವರ್ಡ್ ಕೊಡಬೇಡಿ.

ಎರಡು: ನಿಮ್ಮ ಹೆಸರಿನ ಫೋಲ್ಡರಿನೊಳಗೆ, ಡಾಕ್ಯುಮೆಂಟ್ಸ್‌ನಲ್ಲಿ, ವಿದ್ಯಾರ್ಥಿವೇತನ ಎಂದು ಒಂದೇ ಫೋಲ್ಡರ್ ಮಾಡಿ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಶುಲ್ಕದ ರಸೀದಿ, ಎಲ್ಲ ಅಲ್ಲೇ ಇರಲಿ. ಫೈಲಿನ ಹೆಸರಿನಲ್ಲಿ ಏನು, ಯಾವ ವರ್ಷದ್ದು ಎಂದು ಇರಲಿ.

ಮೂರು: ಆ ಫೋಲ್ಡರಿನ ಎರಡನೆಯ ಪ್ರತಿ ಪೆನ್ ಡ್ರೈವಿನಲ್ಲಿ, ಮೂರನೆಯದು ಗೂಗಲ್ ಡ್ರೈವ್‌ನಂಥ ಜಾಗದಲ್ಲಿ ಇರಲಿ. ಅಲ್ಲಿ 15 ಜಿಬಿವರೆಗೆ ಉಚಿತ. ಸರ್ಕಾರದ ಡಿಜಿಲಾಕರ್ 2015ರಿಂದ ಇದೆ. ಅದರಲ್ಲಿ ಸಿಗುವ ಅಂಕಪಟ್ಟಿಗಳನ್ನು ಅಲ್ಲೇ ಪಡೆದು ಇಟ್ಟುಕೊಳ್ಳಿ. ಒಂದೇ ಲ್ಯಾಪ್‌ಟಾಪಿನ ಸಿ ಮತ್ತು ಡಿ ಯಲ್ಲಿ ಇಟ್ಟರೆ ಎರಡು ಪ್ರತಿ ಎಂದು ಲೆಕ್ಕವಲ್ಲ. ಲ್ಯಾಪ್‌ಟಾಪ್ ಕಳೆದರೆ ಎರಡೂ ಹೋಗುತ್ತವೆ.

ನಾಲ್ಕು: ಕಾಗದದ ಪ್ರತಿಯನ್ನು ರದ್ದಿಗೆ ಹಾಕಬೇಡಿ. ಕೆಲಸ ಮುಗಿದು, ಫಲಿತಾಂಶ ಬರುವವರೆಗಾದರೂ ಇರಲಿ.

ಐದು: ರಿಪೇರಿಗೆ ಕೊಡುವ ಮೊದಲು, ಅದು ನಮ್ಮ ಕೇಂದ್ರವಾದರೂ ಸರಿ, "ನನ್ನ ಫೋಲ್ಡರನ್ನು ಮೊದಲು ತೆಗೆದಿಡಿ" ಎಂದು ಹೇಳಿ. ಮೇಷ್ಟ್ರಿಗೆ ಹೇಳುವುದು ಹೇಗೆ ಎಂದು ಸಂಕೋಚ ಬೇಡ. ಆ ದಿನ ಯಾರಾದರೂ ಹಾಗೆ ಹೇಳಿದ್ದರೆ ಇಂದು ನಾವು ಇಲ್ಲಿ ನಿಂತು ಈ ಕಥೆ ಹೇಳಬೇಕಿರಲಿಲ್ಲ.

ಕೇಂದ್ರದಲ್ಲಿಯೂ ಒಂದು ಪದ್ಧತಿ ತಂದಿದ್ದೇವೆ. ಯಾವ ಯಂತ್ರವನ್ನೂ ಅಳಿಸುವ ಮೊದಲು ಒಂದು ಹಾಳೆ ತುಂಬಬೇಕು. ಡೆಸ್ಕ್‌ಟಾಪ್ ನೋಡಿದೆವೇ, ಡಾಕ್ಯುಮೆಂಟ್ಸ್ ನೋಡಿದೆವೇ, ಡೌನ್‌ಲೋಡ್ಸ್ ನೋಡಿದೆವೇ, ಪ್ರತಿ ತೆಗೆದೆವೇ, ಯಂತ್ರದವರು ಪ್ರತಿಯನ್ನು ತೆರೆದು ನೋಡಿದರೇ ಎಂದು ಐದು ಪ್ರಶ್ನೆ. ಕೊನೆಗೆ ಇಬ್ಬರ ಸಹಿ. ವಿಂಡೋಸ್ ಆಗಲಿ, ಉಬುಂಟು ಆಗಲಿ, ಹಾಳೆ ಒಂದೇ. ಏಕೆಂದರೆ ಹೆಸರು ಬೇರೆಯಾದರೂ ಆ ಫೋಲ್ಡರುಗಳು ಎಲ್ಲದರಲ್ಲೂ ಇವೆ.

ಆ ವಿದ್ಯಾರ್ಥಿನಿ ಏನಾದಳು ಎಂದು ಕೆಲವು ತಾಯಂದಿರು ಆಗಲೇ ಕೇಳಿದರು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಉಪನ್ಯಾಸಕರು ಹೆಚ್ಚಿನ ಸಮಯ ಕೊಟ್ಟರು. ತಂದೆಯ ಜೊತೆ ಮತ್ತೆ ಪೇಟೆ ಸುತ್ತಿ, ಅದೇ ಅಂಗಡಿಗಳಿಗೆ ಹೋಗಿ ಅವೇ ಪ್ರಶ್ನೆಗಳನ್ನು ಎರಡನೆಯ ಸಲ ಕೇಳಿದಳು. ಕೆಲವರು ಬೇಸರಪಟ್ಟರಂತೆ, ಹೆಚ್ಚಿನವರು ಕೂರಿಸಿ ಚಹಾ ಕೊಟ್ಟು ಉತ್ತರ ಹೇಳಿದರಂತೆ. ನಮ್ಮ ಕೇಂದ್ರದ ಇಬ್ಬರು ಕೂತು ಟೈಪ್ ಮಾಡಿಕೊಟ್ಟೆವು. ಅಷ್ಟಾದರೂ ಮಾಡುವುದು ನಮ್ಮ ಹೊಣೆಯಾಗಿತ್ತು. ವರದಿ ಸಲ್ಲಿಕೆಯಾಯಿತು, ಹುಡುಗಿ ಪಾಸಾದಳು. ನಾವು ಹೇಳಿದ ಆ ಹಾಳೆಯ ಐದನೆಯ ಪ್ರಶ್ನೆ ಸೇರಿಸಿದ್ದು ಆ ಹುಡುಗಿಯೇ. "ಸರ್, ಪ್ರತಿ ತೆಗೆದ್ವಿ ಅಂತ ಬರೆದ್ರೆ ಸಾಲದು. ತೆರೆದು ತೋರಿಸ್ಬೇಕು" ಅಂದಳು. ಈಗ ಶನಿವಾರ ಮಧ್ಯಾಹ್ನ ಕೇಂದ್ರಕ್ಕೆ ಬಂದು ಹೊಸಬರಿಗೆ ಈ ಫೋಲ್ಡರುಗಳ ಪಾಠ ಹೇಳುತ್ತಾಳೆ. ಲ್ಯಾಪ್‌ಟಾಪ್ ಪಡೆಯುವ ಪ್ರತಿ ವಿದ್ಯಾರ್ಥಿಯೂ ತಂದೆ ಅಥವಾ ತಾಯಿಯೊಡನೆ ಒಂದು ಶನಿವಾರ ಆ ಪಾಠಕ್ಕೆ ಬರಬೇಕು ಎಂಬುದು ಈ ವರ್ಷದ ಹೊಸ ಷರತ್ತು.